ದಾವಲನ ಹೆಬ್ಬೆಟ್ಟು

ಹರಾಜಿನ್ಯಾಗ ದಾವಲಸಾಬ ನದಾಫ
ಹದಿಮೂರು ಲಕ್ಷಕ್ಕ ಹ್ವಾದ ಅಂತ
ಬೆಟಗೇರಿಯ ಮಗ್ಗ ಎರಡು ತಾಸು ನಿಂತವು.
ಕರೆಂಟು ಹೋಗಿತ್ತು ಅಂತ ಮಾಲಕರಿಗೆ ಹೇಳಿದ್ವಿ.

ಗಂಗೂಸಾ ಬಾಕಳೆಯ ಚಾದಂಗಡಿ ಮುಂದ
ಗಿರಮಿಟ್ಟಿನ ಕಾಗದದ ಮ್ಯಾಲೆ
ಅವನ ಎತ್ತರ ಬರದ್ರು, ತೂಕ ಬರದ್ರು.
"ಎಪ್ಪತ್ತೊಂದು ಕೇಜಿ ಏನೂ ಅಲ್ಲ," ಅಂದ ಗುರಪ್ಪ,
"ಹರಿಯಾಣದ ಹುಡುಗೂರು
ಹಾಲಿನ ಕ್ಯಾನು ಎತ್ತಿ ಎತ್ತಿ ಬೆಳದಂಥವು.
ಒಬ್ಬಂವ ಮ್ಯಾಲೆ ಕುಂತ್ರ ಸಾಕು, ನಮ್ಮಂವ ಹಪ್ಪಳ."

"ತೂಕದ ಮಾತು ರದ್ದಿ ಅಂಗಡ್ಯಾಗ ಆಡು."
ತೋಟಯ್ಯ ಮಾಸ್ತರ. ಮೂವತ್ತು ವರ್ಷ ಸೀಟಿ ಊದಿದ ಬಾಯಿ,
ಈಗೂ ಮಾತಿನ ನಡುವ ಸಣ್ಣಗ ಗಾಳಿ ಹಾರತೈತಿ.
"ಕಾಲು ನೋಡ್ರಿ. ಎಡಗಾಲು ಒಳಗ ಇದ್ದಾಗನ
ಬಲಗಾಲಿಗೆ ಮನಿ ದಾರಿ ಗೊತ್ತಿರತೈತಿ.
ಕಲಿಸಿದ್ರ ಬರೂದಲ್ಲ ಅದು."

"ಆದ್ರ ಯಾರ ಮ್ಯಾಲೆ ಆಡ್ಯಾನ, ಹೇಳ್ರಿ?
ರೋಣದ ಕಾಲೇಜು, ಮುಂಡರಗಿ ಕಾಲೇಜು.
ಲಕ್ಷ್ಮೇಶ್ವರದವ್ರು ಐದ ಮಂದಿ ಬಂದಿದ್ರು,
ಟೆಂಪೋ ಡ್ರೈವರನ್ನ, ಕ್ಲೀನರನ್ನ ಇಳಿಸಿ ಏಳು ಮಾಡಿದ್ರು."
"ಮಣ್ಣಿನಂವ. ಮ್ಯಾಟಿನ ಮ್ಯಾಲೆ ಜಾರ್ತಾನ."
"ಬೂಟು ಕೊಡ್ತಾರಲೇ."
"ಬೂಟು ಕೊಡ್ತಾರ, ಎದಿ ಕೊಡ್ತಾರೇನು?"
"ಮೊದಲನೇ ವರ್ಷ ಬೆಂಚು. ಟವೆಲ್ ಕೊಡೂ ಕೆಲಸ."
"ಟವೆಲ್ಲಿಗೆ ಹದಿಮೂರು ಲಕ್ಷ!"

ಅಷ್ಟರಾಗ ಅವರವ್ವ ಹುಸೇನಬಿ
ಗಾದಿ ಹೊಲಿಯೂ ದಾರ ತಗೊಂಡು ಅದ ದಾರಿಲೆ ಬಂದ್ಲು.
ಕೂದಲಾಗ ಒಂದೆರಡು ಎಳಿ ಅರಳಿ.
"ಏನಂತೀರಿ, ನಮ್ಮ ಹುಡುಗ ಆಡ್ತಾನೇನು?"
ಹಪ್ಪಳ ಅಂದಂವನ ಮೊದಲು ಎದ್ದು ನಿಂತ:
"ಹುಲಿ, ಯವ್ವಾ. ಹುಲಿ."

ನಾ ಮಾತಾಡಲಿಲ್ಲ.
ಮೂರು ವರ್ಷ ಅವನ ಎದುರು
ಎಡ ಮೂಲಿ ಕಾದಂವ ನಾನು.
ಕಾಲೇಜಿನ ಹಿಂದ, ಬೇವಿನ ನೆರಳು ನಡುಗೆರಿ ದಾಟೂ ಹೊತ್ತಿನ್ಯಾಗ
ಅವನ ಹಿಮ್ಮಡಕ್ಕ ಬಿದ್ದು ಬಿದ್ದು
ನನ್ನ ಎರಡು ಹಲ್ಲು ಸಡಿಲಾದವು.
ಒಂದು ಸಂಗತಿ ಗೊತ್ತೈತಿ ನನಗ,
ಯಾರಿಗೂ ಹೇಳಿಲ್ಲ, ಅವಗೂ ಹೇಳಿಲ್ಲ.
ಬೋನಸ್ ಗೆರಿಗೆ ಕಾಲು ಚಾಚೂಕಿಂತ ಮೊದಲ
ಅವನ ಎಡಗೈ ಹೆಬ್ಬೆಟ್ಟು
ಮುಷ್ಟಿಯೊಳಗ ಹೋಗತೈತಿ,
ನಿದ್ದಿಗೆ ಜಾರೂ ಕೂಸಿನದು ಹೋದಂಗ.
ಅದನ್ನ ಕಂಡವಗ ಅರ್ಧ ಕ್ಷಣ ಪುಕ್ಕಟೆ.
ಒಂದು ಕಾಲಿಗೆ ಅರ್ಧ ಕ್ಷಣ ರಗಡ.

ಹುಬ್ಬಳ್ಳಿಗೆ ಹುಡುಗೂರನ್ನ ಆರಸಾಕ ಬಂದಾಗ
ನಾನೂ ಮೂಲ್ಯಾಗ ನಿಂತಿದ್ದೆ.
ಅಂವ ಬಂದ. ಹೆಬ್ಬೆಟ್ಟು ಮಡಚಿತು. ಕಂಡೆ.
ನನ್ನ ಕೈ ಹೋಗಲಿಲ್ಲ.
ಬಿಟ್ಟೆನೋ, ತಪ್ಪಿತೋ,
ಲಾಳಿ ಓಡೂ ರಾತ್ರಿಪಾಳ್ಯಾಗ ಎಷ್ಟೋ ಸಲ ಕೇಳ್ಕೊಂಡೀನಿ.
ಲಾಳಿ ಆ ಕಡಿಗೂ ಹೋಗತೈತಿ, ಈ ಕಡಿಗೂ ಬರತೈತಿ.

ದಸರಾ ಮುಗದ ಮ್ಯಾಲೆ ಆಟ ಸುರು ಆತು.
ಆರು ಮ್ಯಾಚು ಖರೇನ ಟವೆಲ್ ಕೊಟ್ಟ.
ಏಳನೇದರಾಗ, ನಾಕು ನಿಮಿಷ ಉಳದಾಗ,
ಹೆಸರು ಕರದ್ರು. ತಪ್ಪಾಗಿ ಕರದ್ರು, "ದವಾಲ್".
ಗಂಗೂಸಾನ ಅಂಗಡ್ಯಾಗ ಎಣ್ಣಿ ಕಾಯೂ ಸಪ್ಪಳ ಅಷ್ಟ.

ಮಂದಿ ಅವನ ಕಾಲು ನೋಡಿದ್ರು.
ನಾ ಕೈ ನೋಡಿದೆ.
ಗೆರಿ ಹತ್ತಿರ ಬಂತು. ಬಾಗಿದ.
ಐದೂ ಬೆರಳು ಬಿಚ್ಚಿಕೊಂಡಿದ್ದವು,
ಬಿಸಲಿಗೆ ಹಾಕಿದ ಹಂಜಿಯಂಗ, ಹಗೂರ.
ಯಾರೋ ಕಂಡಾರ, ಕಲಿಸ್ಯಾರ.

ಒಂದು ಪಾಯಿಂಟು.
"ನಾ ಹೇಳಿದ್ದಿಲ್ಲ?" ಅಂತ ಗುರಪ್ಪ ಮೇಜು ಗುದ್ದಿದ,
ಮಾಸ್ತರ ಬರೇ ಬಾಯಿಲೆ ಸೀಟಿ ಊದಿದ್ರು.
ನನ್ನ ಹಂತೇಕ ಇದ್ದ ಒಂದ ಒಂದು ಗುಟ್ಟು
ರದ್ದಾದ ನೋಟಿನಂಗ ಕಿಸೇದಾಗ ಉಳೀತು.

"ಮೂರು ಚಾ ನಿನ್ನವು," ಅಂದ ಗಂಗೂಸಾ.
ರೊಕ್ಕ ತಗ್ಯಾಕ ಹ್ವಾದೆ.
ಎಡಗೈ ಯಾವಾಗ ಮುಷ್ಟಿ ಕಟ್ಟಿತ್ತೋ ಏನೋ,
ಬಿಚ್ಚೂದಕ್ಕ ಸ್ವಲ್ಪ ಹೊತ್ತು ಹಿಡೀತು.