ಹಲಗೆಯ ಮೇಲೊಂದು ಮೊಣಕಾಲು

ಎಡ ಮೊಣಕಾಲು ಹಲಗೆಯ ಮೇಲೆ,
ಬಲಗಾಲು ಕೆಸರಿಗೆ. ಒದೆ.
ಹಾಗಲ್ಲ ಥೋವಾ, ಕತ್ತೆ ಒದ್ದ ಹಾಗಲ್ಲ,
ತೊಟ್ಟಿಲು ತೂಗುವ ಕಾಲಿನಲ್ಲಿ ಒದೆ.

ಅಮಾವಾಸ್ಯೆ ಕಳೆದು ಮೂರನೆಯ ದಿನ.
ಯೋಜಾ ಕೊಲ್ಲಿಯ ಕಡಲು ಇವತ್ತು ದೂರ ಹೋಗುತ್ತದೆ,
ಆ ದ್ವೀಪಗಳ ಪಾದ ಕಾಣುವ ತನಕ.
ನಿನ್ನ ಗಂಡ ಫೋನು ನೋಡಿ ಹೇಳುತ್ತಾನೆ,
ನಾಲ್ಕು ಗಂಟೆ ಏಳು ನಿಮಿಷಕ್ಕೆ ಇಳಿತ ಮುಗಿಯುತ್ತದಂತೆ.
ಏಳು ನಿಮಿಷ! ಕಡಲಿನ ಕೈಗೆ ಗಡಿಯಾರ ಕಟ್ಟಿದವರಾರು?
ಏಡಿ ಬಾಗಿಲು ಹಾಕಿಕೊಂಡರೆ ತಿರುಗು. ಅಷ್ಟೇ.

ನಿಲ್ಲಬೇಡ.
ನಿಂತವರನ್ನು ಈ ಮಣ್ಣು ತನ್ನವರೆಂದುಕೊಳ್ಳುತ್ತದೆ.
ಮೊದಲು ಹಿಮ್ಮಡಿ ಕೇಳುತ್ತದೆ, ಆಮೇಲೆ ಮೊಣಕಾಲು,
ಆಮೇಲೆ ಕೇಳದೆಯೇ ತೆಗೆದುಕೊಳ್ಳುತ್ತದೆ.

ನಾನೂ ಗುಡ್ಡದೂರಿನಿಂದ ಬಂದವಳೇ, ಮೂವತ್ತೆಂಟು ವರ್ಷದ ಹಿಂದೆ,
ಕೆಸರೆಂದರೆ ಗದ್ದೆಯದು ಎಂದುಕೊಂಡವಳು.
ಅತ್ತೆ ಏನೂ ಹೇಳಿಕೊಡಲಿಲ್ಲ. ಮುಂದೆ ಹೋದಳು.
ಅವಳ ಹಲಗೆ ಬಿಟ್ಟ ಗೆರೆಯಲ್ಲೇ ಅಕ್ಷರ ಕಲಿತೆ.
ಸೊಂಟದ ತನಕ ಹೂತುಹೋದ ದಿನ
ಹಗ್ಗ ಎಸೆದು ಅವಳು ಅಂದದ್ದು ಒಂದೇ ಮಾತು:
ಬಕೆಟ್ ಬಿಡಬೇಡ.

ಬಗ್ಗಿ ನೋಡು, ಬಯಲೆಂದರೆ ಬರಿದಲ್ಲ.
ಸೂಜಿಮೊನೆಯಷ್ಟು ತೂತು, ಹುಳುವಿನದು.
ಅಕ್ಕಪಕ್ಕ ಎರಡಿದ್ದರೆ ಕೆಳಗೆ ಚಿಪ್ಪು ಉಸಿರಾಡುತ್ತಿದೆ.
ಅಂಚಿನ ನೀರು ಬೂದಿ ಕದಡಿದಂತಿದ್ದರೆ
ಆಕ್ಟೋಪಸ್ ಮನೆಯಲ್ಲಿದೆ ಎಂದರ್ಥ;
ಭುಜದ ತನಕ ಕೈಯಿಳಿಸಿ ಕಾಯಬೇಕು,
ಅದು ನಿನ್ನ ಬೆರಳು ಹಿಡಿಯುವ ತನಕ.
ಹಿಡಿಯುವುದು ನಾವಲ್ಲ.
ಈಗ ಸುಮ್ಮನಿರು, ಕಿವಿ ಕೊಡು:
ಯಾರೋ ದೂರದಲ್ಲಿ ಎಳ್ಳು ಹುರಿಯುತ್ತಿರುವ ಸದ್ದು.
ಅದು ಮಣ್ಣು.

ಅಗೋ, ದಂಡೆಯಲ್ಲಿ ಕೊಳವೆಗೆ ಕಣ್ಣಿಟ್ಟು ನಿಂತವನು
ಸುನ್‌ಚೊನ್‌ನಿಂದ ಬರುತ್ತಾನೆ. ಹಕ್ಕಿ ಎಣಿಸುವುದಕ್ಕೆ ಸಂಬಳ.
ಪಿಲ್‌ಸುನ್ ಅಜ್ಜಿ, ಆ ಉದ್ದ ಕೊಕ್ಕಿನವು
ಭೂಮಿಯ ಕೆಳತುದಿಯಿಂದ ಬಂದವು ಅಂದ,
ಎಂಟು ದಿನ, ಎಂಟು ರಾತ್ರಿ, ನೆಲ ಮುಟ್ಟದೆ.
ಬರುವಾಗ ಹೊಟ್ಟೆಯ ಕರುಳೂ ಕುಗ್ಗಿರುತ್ತದಂತೆ,
ಹೊರಲಾರದ ಗಂಟನ್ನು ದಾರಿಯಲ್ಲಿ ಬಿಚ್ಚಿದ ಹಾಗೆ.
ಇಲ್ಲಿ ತಿಂಗಳು ತಿಂದು, ದುಂಡಗಾಗಿ,
ಹಿಮದ ನಾಡಿಗೆ ಹೋಗುತ್ತವೆ ಮೊಟ್ಟೆಯಿಡಲು.
ಹಾಗಾದರೆ ಇವು ಯಾವೂರಿನವು, ಕೇಳಿದೆ.
ಕೊಳವೆಯಿಂದ ಕಣ್ಣು ತೆಗೆದ.
ಅವನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಉತ್ತರಕ್ಕೆ, ನನ್ನ ತಂಗಿ ಕೊಟ್ಟ ಊರಲ್ಲಿ
ಕಡಲಿಗೆ ಗೋಡೆ ಕಟ್ಟಿದರು. ಬೀದಿ ಬರುತ್ತದೆ, ಕಾರ್ಖಾನೆ ಬರುತ್ತದೆ.
ಗೋಡೆ ಮುಗಿದ ವರ್ಷ ಮೊದಲ ಮಳೆಗೆ
ಚಿಪ್ಪುಗಳೆಲ್ಲ ಮೇಲೆ ಬಂದವು, ಭರತ ಬಂತೆಂದು.
ಬಾಯಿ ತೆರೆದವು.
ಸಿಹಿನೀರು.
ತಂಗಿ ಈಗ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ,
ಒದ್ದೆ ನೆಲದಲ್ಲಿ ಇವತ್ತಿಗೂ ತೂತು ಹುಡುಕುತ್ತಾಳೆ.

ಏನಾಯಿತು? ಯಾಕೆ ನಿಂತೆ? ನಿಲ್ಲಬೇಡ ಅಂದೆನಲ್ಲ!
ಓ. ಅದಾ.
ಅದಕ್ಕೆ ಕಣ್ಣು ನೆತ್ತಿಗೇರಿದೆ, ಹುಟ್ಟಿನಿಂದಲೇ.
ಈಜುರೆಕ್ಕೆಯನ್ನೇ ಮೊಣಕೈ ಮಾಡಿಕೊಂಡು
ಜಮೀನ್ದಾರನ ಹಾಗೆ ಓಡಾಡುವ ಮೀನು.
ಚಾಂಗ್‌ತುಂಗೊ ಅನ್ನುತ್ತೇವೆ ನಾವು.
ನೀನೇನೆಂದೆ? ಥೋಯ್... ಥೋಯ್ ಲೋಯ್?
ನಿಮ್ಮ ಮೆಕಾಂಗ್ ಬಾಯಲ್ಲೂ ಉಂಟೇ ಇದು?
ಮರದ ಬೇರು ಹತ್ತುತ್ತದೆಯೇ? ಸುಳ್ಳು!
ಉಪ್ಪು ಮೆಣಸು ಹಚ್ಚಿ ಸುಡುತ್ತಾಳೆಯೇ ನಿನ್ನಮ್ಮ?

ಎರಡು ವರ್ಷ ಒಂದೇ ಮೇಜಿನಲ್ಲಿ ಉಂಡೆವು,
ಸಾಕೇ, ಸಾಕು, ಇಷ್ಟೇ ನಮ್ಮ ಮಾತು.
ನಿನಗೆ ಮುಂದಿನ ಹಲ್ಲು ಸ್ವಲ್ಪ ಓರೆಯೆಂದು
ಇವತ್ತು ನೋಡಿದೆ, ಕೆಸರು ಮೆತ್ತಿದ ಮುಖ ನಕ್ಕಾಗ.

ನಡಿ, ಏಡಿಗಳು ಬಾಗಿಲು ಹಾಕುತ್ತಿವೆ.
ಹಲಗೆ ತಿರುಗಿಸು. ನೀನೇ ಮುಂದೆ ಹೋಗು,
ನನ್ನ ಎಡಮಂಡಿ ಇವತ್ತು ಸರಿಯಿಲ್ಲ.
ಹೋಗುತ್ತ ಆ ಹೆಸರು ಇನ್ನೊಮ್ಮೆ ಹೇಳು.
ಥೋಯ್... ಆಮೇಲೆ?
ನಾಲಿಗೆ ಜಾರುತ್ತಿದೆ ನನಗೆ.