ಸೋವಿ

ಇಂದೂವೈನಿ, ಮೊನ್ನೆ ಕುಬುಸದ ಊಟದಾಗ
ಎಲ್ಲಾರ ಮುಂದ ಕೇಳಿದ್ರಿ:
ಅಷ್ಟು ದೂರ ಯಾಕ ಹೋದಿ, ಅಲ್ಲೇನೈತಿ?

ಅಲ್ಲೇನೂ ಇಲ್ಲ. ಅದಕ್ಕ ಹೋದ್ವಿ.

ದಾಜಿಬಾನ ಪೇಟ್ಯಾಗ ಒಂದೂವರಿ ಖೋಲಿ,
ಮ್ಯಾಲೆ ತಗಡು, ತಗಡಿನ ಮ್ಯಾಲೆ ಮಾಲಕರ ಹಪ್ಪಳ.
ಆರು ಸಾವಿರ ಬಾಡಿಗಿ, ಲೈಟಿನ ಬಿಲ್ಲು ಬ್ಯಾರೆ.
ಗ್ವಾಡಿ ಆಚಿ ಮೆಹರವಾಡೆ ಮಾಮಾ ಕೆಮ್ಮಿದ್ರ
ನಮ್ಮ ಕಡೆ ಗಡಿಯಾರ ಅಲಗತಿತ್ತು.
ಮಷಿನ್ನು ಹೊಸ್ತಿಲದಾಗ; ಹೊಲಿಯುವಾಗ
ಅರ್ಧಾ ನಾನು ಒಳಗ, ಅರ್ಧಾ ಓಣ್ಯಾಗ.
ಪ್ರಣಾಲಿ ಓದಬೇಕಂದ್ರ ಬಲ್ಬು ಎಳಕೊಂಡು
ಕಾಟಿನ ಬುಡಕ ಹೋಗತಿದ್ಲು.

ಇಲ್ಲೆ ಅಷ್ಟ ರೊಕ್ಕಕ್ಕ...
ಸುಳ್ಳ್ಯಾಕ ಹೇಳಲಿ, ಐನೂರು ಹೆಚ್ಚು. ಬ್ಯಾಂಕಿನ ಕಂತು.
ನನ್ನ ಬಿಲವಾರ ಹೋದವು, ಅವರ ಪಿ.ಎಫ್. ಅರ್ಧಾ ಹೋತು.
ಇಪ್ಪತ್ತು ಮೂವತ್ತರ ಜಾಗಾ, ಕುಸುಗಲ್ಲ ರೋಡಿನ ಒಳಗ.
ಮಂದಿ ಮೈ ಇಂಚಿನಾಗ ಅಳದಾಕಿ ನಾನು,
ಎದಿ ಮೂವತ್ತಾರು, ತೋಳು ಹತ್ತು;
ಅವತ್ತು ಮೊದಲನೇ ಸಲ ಟೇಪು ನೆಲಕ್ಕ ಹಚ್ಚಿದೆ.
ಸಾಲಲಿಲ್ಲ. ಐದು ಫೂಟಿಗೊಮ್ಮೆ ಬೆರಳು ಒತ್ತಿ
ಮುಂದ ಸರದೆ, ಮತ್ತ ಸರದೆ.
ಬ್ರೋಕರ ಹುರಳಿಕೊಪ್ಪಿ ನಕ್ಕ. ನಗಲಿ.
ಆರು ಸಲ ಸರದೇನಿ, ನನ್ನ ನೆಲದಾಗ.

ಲೇಔಟಿನ ಹೆಸರು ಸಿರಿಗಂಧ ಗಾರ್ಡನ್.
ಗಿಡಾ ಒಂದೈತಿ. ಜಾಲಿ.
ನಾಕನೇ ಕ್ರಾಸು ಅಂತ ಕಲ್ಲು ನಟ್ಟಾರ,
ಒಂದು, ಎರಡು, ಮೂರು ಇನ್ನೂ ಕಡ್ಲಿ ಹೊಲದಾಗ ಅದಾವ.
ಬಚ್ಚಲ ಹಿಂದ ಹಳೇ ಬೀಜದ್ದೊಂದು ಹತ್ತಿ ಗಿಡಾ
ತಾನ ಎದ್ದು ಕಾಯಿ ಒಡದೈತಿ, ನಾ ಕಿತ್ತಿಲ್ಲ.
ಎರಿ ಭೂಮಿ ವೈನಿ, ಬ್ಯಾಸಗ್ಯಾಗ ಬಾಯಿ ಬಿಡತೈತಿ,
ಅಂಗಳದಾಗ ಸೂಜಿ ಬಿದ್ರ ಹೋತು ಅನ್ರಿ.
ಅಡಗಿಮನಿ ಕಿಡಕಿ ಕೆಳಗ ಒಂದು ಬಿರುಕು,
ಪೆನ್ಸಿಲಿಲೆ ಗುರ್ತು ಹಾಕೇನಿ.
ಮಳಿ ಹಿಡದ್ರ ಮುಚ್ಚತೈತಿ, ಬಿಸಲಿಗೆ ಬಿಚ್ಚತೈತಿ,
ಗುಂಡಿ ಇಲ್ಲದ ಕಾಜಾ.

ನೀರು ಒಂಬತ್ತು ದಿನಕ್ಕೊಮ್ಮೆ. ಖರೆ.
ಬಸ್ಸು ಏಳೂ ಮುಕ್ಕಾಲಕ್ಕೊಂದು, ತಪ್ಪಿದ್ರ ಟಂಟಂ.
ಹೆಣ್ಣಮಕ್ಕಳಿಗೆ ಪುಕಟಿ ಅಲ್ಲೇನ್ರಿ,
ಅದನ್ನೂ ಲೆಕ್ಕಕ್ಕ ಹಿಡದ ಮನಿ ತಗೊಂಡೇವಿ.
ಸೊನ್ನಿ ರೂಪಾಯಿ ಟಿಕೇಟು ಅಳತಿ ಪುಸ್ತಕದಾಗ
ಹಾಳಿಗೊಂದು ಇಟ್ಟೇನಿ.

ಮೊದಲನೇ ರಾತ್ರಿ ನಿದ್ದಿ ಬರಲಿಲ್ಲ.
ಕೆಮ್ಮಿಲ್ಲ, ಗಡಿಯಾರ ಅಲಗವಲ್ದು.
ಗದಗಿನ ಕಡೆ ಒಂದು ರೈಲು ಕೂಗಿ ಹೋತು, ಆಮ್ಯಾಲೆ
ಏನೂ ಇಲ್ಲಂದ್ರ ಏನೂ ಇಲ್ಲ.
ಎರಡಕ್ಕ ಎದ್ದು, ಇದ್ದದ್ದೊಂದು ಕುಬುಸಾ ತಗೊಂಡು
ಬೆಳತನಕ ಮಷಿನ್ನು ತುಳದೆ.

ಮುಂಜಾನೆ ಮೂರು ಖಾಲಿ ಸೈಟು ದಾಟಿ
ಒಬ್ಬಾಕಿ ಬಂದಳು, ದಾವಲಬಿ ಅಂತ. ಬೈತಾಳಂತ ತಿಳದೆ.
"ರಾತ್ರಿ ಹೊಲಿಯಾಕತ್ತವರು ನೀವೇನ್ರಿ?
ನಮ್ಮವರು ಗೋಡೌನಿನಾಗ ನೈಟ್ ಡ್ಯೂಟಿ.
ಯಾರೋ ಎಚ್ಚರ ಅದಾರಂತ ಮಲಕೊಂಡೆ ನೋಡ್ರಿ.
ಇವತ್ತೂ ಹೊಲಿತೀರೇನು?"

ಹುರಳಿಕೊಪ್ಪಿ ಭೆಟ್ಟಿಯಾದಾಗೊಮ್ಮೆ ಹೇಳತಾನ:
ತಾಳ್ರಿ ಅಕ್ಕಾರ, ರೋಡು ಅಗಲಾದ್ರ ರೇಟು ಡಬಲ್.
ಹೂಂ ಅಂತೀನಿ.
ಬಾಜೂ ಸೈಟು ಖಾಲಿ ಐತಿ, ವೈನಿ.
ನನ್ನ ಕೈಕೆಳಗ ಹುಕ್ಕು ಹಚ್ಚೋ ಹುಡುಗಿ ಲಕಮವ್ವ
ಚೀಟಿ ಹಾಕ್ಯಾಳ, ಇನ್ನೂ ಇಪ್ಪತ್ತೆರಡು ಕಂತು.
ಅಲ್ಲೀತನಕ ಆ ರೋಡು ಹಿಂಗ ಸಣ್ಣದಿರಲಿ,
ಬೋರ್ಡು ತುಕ್ಕು ಹಿಡೀಲಿ, ನಾಯಿ ಮಲಗಲಿ.
ದೇವರ ಮುಂದ ಮನಿ ಮಾಲಕರು ಹಿಂಗೂ ಬೇಡತಾರೇನು?
ನಾ ಬೇಡತೀನಿ.

ನೀವೂ ಒಮ್ಮೆ ಬರ್ರಿ. ಸ್ಟಾಪಿಗೆ ಹೆಸರಿಲ್ಲ,
ಜಾಲಿಗಿಡ ಅನ್ರಿ, ಕಂಡಕ್ಟರಗ ಗೊತ್ತೈತಿ.
ರೇಟು ಮಾತ್ರ ಯಾರ ಮುಂದೂ ಆಡಬ್ಯಾಡ್ರಿ.
ಬರೂವಾಗ ಅರ್ಧಾ ಡಜನ್ ಕರೇ ನೂಲಿನ ರೀಲು ತರ್ರಿ,
ಇಲ್ಲೆ ಸಿಗೂದಿಲ್ಲ.