ಸೀನ್ ಮೂವತ್ತೊಂದಕ್ಕೆ ಗಂಟಿಲ್ಲ

‘ಸಿನಿಮಾ ಮಾಡ್ತೀರಂತೆ, ಸಾಮಾನು ಏನೇನಿದೆ?’
ಕೇಳಿದವರು ಬ್ಯಾಂಕಿನವರು.
ಫಾರ್ಮಿನ ಆ ಖಾನೆಯನ್ನು ಖಾಲಿ ಬಿಟ್ಟು
ಕೌಲ್ ಬಜಾರಿನ ಮಾಳಿಗೆ ಕೋಣೆಗೆ ವಾಪಸು ಬಂದೆ.

ಏನಿದೆ ಅಂದರೆ,
ಆಸ್ಪತ್ರೆಯ ಹರಾಜಿನಲ್ಲಿ ಕೊಂಡ ಒಂದು ಗಾಲಿಕುರ್ಚಿ.
ಕ್ಯಾಮೆರಾ ಅಪ್ಪಿಕೊಂಡು ನಾನು ಕೂತರೆ
ಹೊನ್ನೂರವಲಿ ಉಸಿರು ಬಿಗಿಹಿಡಿದು ತಳ್ಳುತ್ತಾನೆ.
ಎಡಗಾಲಿ ತುಸು ಸೊಟ್ಟ, ಹಾಗಾಗಿ
ನನ್ನ ನಾಯಕಿ ನಡೆದಲ್ಲೆಲ್ಲ ಬಳ್ಳಾರಿ
ಎಡಕ್ಕೆ ವಾಲುತ್ತದೆ.
ಕೇಳಿದವರಿಗೆ ಶೈಲಿ ಅನ್ನುತ್ತೇನೆ.

ಬೆಳಕು ತಿರುಗಿಸಲು ಮೀನಿನ ಪೆಟ್ಟಿಗೆಯ ಥರ್ಮಾಕೋಲು.
ಎಷ್ಟು ತೊಳೆದರೂ ವಾಸನೆ ಹೋಗದು;
ಪ್ರೇಮದ ಸೀನಿಗೆ ಆರು ಟೇಕು,
ಏಳನೆಯದರಲ್ಲಿ ಬೆಕ್ಕು.

ಹಾಲಿನ ಲೆಕ್ಕದ ಹಳೇ ಪುಸ್ತಕ ನನ್ನ ಶೆಡ್ಯೂಲು.
ಬೆಳಿಗ್ಗೆ, ಸಂಜೆ ಎಂದು ಎರಡೇ ಗೆರೆ.
ನಡುವಿನ ಬಿಸಿಲಿಗೆ ಗೆರೆಯೇ ಇಲ್ಲ,
ಆ ಹೊತ್ತಲ್ಲಿ ಈ ಊರು ಯಾರ ಮುಖವನ್ನೂ ನೋಡಗೊಡುವುದಿಲ್ಲ.
ಅದಿರಿನ ಲಾರಿ ಹೋದ ಮೇಲೆ ಲೆನ್ಸ್ ಒರೆಸಲು
ಅಪ್ಪನ ಧೋತರದ ಅಂಚು, ತೊಳೆದೂ ತೊಳೆದೂ ಮೆತ್ತಗಾದದ್ದು.

ಮತ್ತೆ ಆಷಾಢ.
ಊರಿಗೆಲ್ಲ ಶೂನ್ಯಮಾಸ, ನನಗದೇ ಮುಹೂರ್ತ.
ಮದುವೆಗಳಿಲ್ಲದೆ ಕ್ಯಾಮೆರಾಗಳೆಲ್ಲ ಅಂಗಡಿಯಲ್ಲಿ
ನಿದ್ದೆ ಹೋಗಿರುತ್ತವೆ, ಬಾಡಿಗೆ ಅರ್ಧಕ್ಕರ್ಧ.
ಮೂರು ಆಷಾಢ ಕಳೆದವು. ನಾಯಕನಿಗೆ ಹೊಟ್ಟೆ ಬಂದಿದೆ.

ಎರ್ರೆಮ್ಮನನ್ನು ಸಾಮಾನಿನ ಪಟ್ಟಿಗೆ ಹೇಗೆ ಸೇರಿಸಲಿ?
ಜೀನ್ಸ್ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವವಳು,
ಚಹಾ ತಂದುಕೊಟ್ಟು ಹೋಗಬೇಕಾದವಳು ಅಂದು ನಿಂತು ಅಂದಳು:
‘ಅಕ್ಕಾ, ನಿನ್ನೆ ಅವನ ಎರಡನೇ ಗುಂಡಿ ಬಿಚ್ಚಿತ್ತು,
ಇವತ್ಯಾಕೆ ಹಾಕ್ಯಾನೆ?’
ಅವತ್ತಿನಿಂದ ಬಿಡಲಿಲ್ಲ ಅವಳನ್ನು.
ಓದು ಬಾರದು. ಸೊಂಟದಲ್ಲಿ ದಾರದ ಉಂಡೆ,
ನಾಯಕಿಗೆ ನೀಲಿ, ಅವನಿಗೆ ಕಂದು,
ಸೀನಿಗೊಂದು ಗಂಟು.
ತಲೆಗೂದಲು ಒದ್ದೆ ಇದ್ದರೆ ಜೋಡಿ ಗಂಟು,
ಅತ್ತಿದ್ದರೆ ಗಂಟಿನ ಪಕ್ಕ ಒಂದು ಸಣ್ಣ ಕುಣಿಕೆ.

ಯುಗಾದಿ ಮುಗಿದ ವಾರ ಹಾರ್ಡ್ ಡಿಸ್ಕು
ಹಲ್ಲಿಯಂತೆ ಲೊಚಗುಟ್ಟಿ ಸುಮ್ಮನಾಯಿತು.
ಹುಬ್ಬಳ್ಳಿಯ ಹುಡುಗನೊಬ್ಬ ಜೀವ ತುಂಬಿ ಕಳಿಸಿದ,
ಚಿತ್ರಗಳು ಬಂದವು, ಹೆಸರುಗಳು ಬರಲಿಲ್ಲ.
ಸಾವಿರದ ನೂರು ತುಂಡು,
ಯಾವುದರ ಹಿಂದೆ ಯಾವುದು?

ಮೂರು ರಾತ್ರಿ ಎರ್ರೆಮ್ಮ ನನ್ನ ಪಕ್ಕ ಕೂತಳು,
ಕಣ್ಣು ಪರದೆಯ ಮೇಲೆ, ಬೆರಳು ದಾರದ ಮೇಲೆ.
‘ಇದು ಬಾವಿ ಹತ್ರದ್ದು. ಅದು ಆಮೇಲೆ.
ತಡಿ, ಇಲ್ಲಿ ಅತ್ತಾಳೆ, ಆಮೇಲೆ ಬಸ್ಸು.’
ಫ್ಯಾನು ನಿಂತಿತ್ತು, ಕರೆಂಟು ಹೋಗಿ ಬಂತು,
ಬ್ಯಾಟರಿಯ ಬೆಳಕಲ್ಲೂ ಬೆರಳು ಓದುತ್ತಲೇ ಇತ್ತು.

ಮೂವತ್ತೊಂದರಲ್ಲಿ ನಿಂತಳು.
ದಾರ ನುಣ್ಣಗಿತ್ತು.
‘ಅವತ್ತು ನೀನು ನನ್ನ ಕರೀಲಿಲ್ಲಕ್ಕಾ’ ಅಂದಳು,
ಮುನಿಸೇನಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ನಿಜ. ಅವತ್ತು ಅವಳ ಕೂಲಿ ಉಳಿಸಿ
ಟ್ರೈಪಾಡಿಗೊಂದು ಸ್ಕ್ರೂ ಕೊಂಡಿದ್ದೆ.
ತೆಗೆದು ನೋಡಿದೆ:
ಮಾತು ಶುರುವಾದಾಗ ಎರಡನೇ ಗುಂಡಿ ಬಿಚ್ಚಿದೆ,
ಮಾತು ಮುಗಿಯುವಾಗ ಹಾಕಿದೆ,
ನಡುವೆ ಅವನ ಕೈ ಅಲ್ಲಾಡಿಲ್ಲ.

ಆಷಾಢಕ್ಕೆ ಇನ್ನೂ ಎರಡೂವರೆ ತಿಂಗಳು.
ಹಾಲಿನ ಪುಸ್ತಕದಲ್ಲಿ ಹೊಸ ಪುಟ ತೆಗೆದು
ಎಲ್ಲಕ್ಕಿಂತ ಮೊದಲು ಎರ್ರೆಮ್ಮನ ಕೂಲಿ ಬರೆದೆ,
ಬೆಳಿಗ್ಗೆಯ ಗೆರೆಯಲ್ಲಿ, ಸಂಜೆಯ ಗೆರೆಯಲ್ಲೂ.